ನಾದಕ್ಕೆ ವಿಳಾಸ ಬೇಕು

ಮನೆಯ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ವಾದ್ಯಗಳ ಧ್ವನಿ ಫೈಲುಗಳನ್ನು ಕೂತು ಜೋಡಿಸುವುದು ಬರೀ ಕಾಲಹರಣ. ಸಿಕ್ಕಿದ್ದನ್ನೆಲ್ಲ ಹಾರ್ಡ್‌ಡಿಸ್ಕಿಗೆ ಸುರಿದುಕೊಂಡರೆ ಸಾಕು, ಬೇಕಾದಾಗ ಸರ್ಚ್ ಹುಡುಕಿಕೊಡುತ್ತದೆ. ತಯಾರಕರು ಫೋಲ್ಡರ್ ಮಾಡಿಯೇ ಕಳಿಸಿರುತ್ತಾರೆ, ಅದರಲ್ಲಿ ನಾವು ಕೈಯಾಡಿಸುವುದು ಏನಿದೆ? ಸೂರತ್ತಿನ ವರಾಛಾದಲ್ಲಿ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಬೆಂಗಳೂರು, ಮೈಸೂರು, ಉಡುಪಿಯ ಗೆಳೆಯರೂ ಇದನ್ನೇ ಹೇಳುತ್ತಾರೆ. ಈ ನಂಬಿಕೆ ತಪ್ಪು. ಸೋಮಾರಿತನಕ್ಕೆ ಆಸರೆ ಕೊಡುವುದಷ್ಟೇ ಇದರ ದೋಷವಾಗಿದ್ದರೆ ಸುಮ್ಮನಿರಬಹುದಿತ್ತು. ಇದು ನಮ್ಮ ವಾದ್ಯಗಳ ಗುರುತನ್ನೂ ಅವುಗಳನ್ನು ನುಡಿಸಿದವರ ಹೆಸರನ್ನೂ ಅಳಿಸಿಹಾಕುತ್ತಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ವರಾಛಾ ಎಂದರೆ ವಜ್ರದ ಕೆಲಸದವರ ಬಡಾವಣೆ. ಇಲ್ಲಿನ ಬಹುಪಾಲು ಮನೆತನಗಳು ಭಾವನಗರ, ಅಮರೇಲಿ, ಬೋಟಾದ್, ಜುನಾಗಢದ ಕಡೆಯಿಂದ, ಅಂದರೆ ಸೌರಾಷ್ಟ್ರದಿಂದ ಬಂದವು. ಬರುವಾಗ ಹಾಡನ್ನೂ ತಂದರು. ನವರಾತ್ರಿಯ ಗರಬಾ ಇದೆ, ಇರುಳಿಡೀ ನಡೆಯುವ ಹಾಡು ಮಾತಿನ ಕೂಟವಾದ ಡಾಯರೊ ಇದೆ, ಸಂತವಾಣಿಯ ಭಜನೆಗಳಿವೆ. ಹಗಲು ‘ಘಂಟಿ’ ಎಂಬ ಸಾಣೆಚಕ್ರದ ಮೇಲೆ ವಜ್ರ ಉಜ್ಜಿ ಬಂದ ಹುಡುಗ ರಾತ್ರಿ ಎರಡು ಕೋಣೆಯ ಮನೆಯ ಮೂಲೆಯಲ್ಲಿ ಎಫ್‌ಎಲ್ ಸ್ಟುಡಿಯೊ ಎಂಬ ಸಂಗೀತ ತಂತ್ರಾಂಶ ತೆರೆದು ಕೂರುತ್ತಾನೆ. ಆಷಾಢ ಮುಗಿಯುತ್ತಿದ್ದಂತೆ ನವರಾತ್ರಿಯ ಟ್ರ್ಯಾಕುಗಳಿಗೆ ಬೇಡಿಕೆ ಏರುತ್ತದೆ. ಆಕ್ಟಪ್ಯಾಡಿಗೆ ಹೊಸ ಕಿಟ್ ಬೇಕು, ಕೀಬೋರ್ಡಿಗೆ ಹೊಸ ಟೋನ್ ಬೇಕು. ಆಗ ಕೈಯಿಂದ ಕೈಗೆ ಹಾರ್ಡ್‌ಡಿಸ್ಕುಗಳು ಓಡಾಡುತ್ತವೆ. ಒಳಗೆ ಏನಿದೆ ಎಂದು ಕೇಳಿದರೆ, ‘ಎಲ್ಲ ಇದೆ’ ಎಂಬ ಉತ್ತರ.

ಎಲ್ಲ ಇದೆ ಎನ್ನುವುದನ್ನೇ ಮೊದಲು ಲೆಕ್ಕ ಹಾಕೋಣ. ಸಿಡಿ ಗುಣಮಟ್ಟದ, ಅಂದರೆ 44.1 ಕಿಲೊಹರ್ಟ್ಸ್ 16 ಬಿಟ್ ಸ್ಟೀರಿಯೊ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ. ಒಂದು ಟೆರಾಬೈಟ್ ಡಿಸ್ಕ್ ಇಂಥ ಧ್ವನಿಯಿಂದ ತುಂಬಿದೆ ಎಂದರೆ ಹಗಲಿರುಳು ಎಡೆಬಿಡದೆ ಕೇಳಿದರೂ ಮುಗಿಸಲು ಎರಡು ತಿಂಗಳು ಮೀರುತ್ತದೆ. ದುಡಿದು ಬಂದು ರಾತ್ರಿ ಎರಡು ತಾಸು ಕೂರುವವನಿಗೆ ಅದು ಎರಡು ವರ್ಷದ ಕೆಲಸ. ಅಂದರೆ ಡಿಸ್ಕಿನ ಒಡೆಯ ತನ್ನ ಬಳಿ ಇರುವುದರ ಹೆಚ್ಚಿನ ಪಾಲನ್ನು ಒಮ್ಮೆಯೂ ಕೇಳಿಲ್ಲ, ಕೇಳುವುದೂ ಇಲ್ಲ. ಕೇಳದ ಧ್ವನಿ ಸಂಗೀತಗಾರನ ಆಸ್ತಿಯಾಗುವುದು ಹೇಗೆ?

ಇನ್ನು ಸರ್ಚ್. ಡಾಯರೊದ ವೇದಿಕೆಯಲ್ಲಿ ತಬಲಾ, ಮಂಜೀರಾಗಳ ಪಕ್ಕದಲ್ಲಿ ಬೆಂಜೋ ಇರುತ್ತದೆ. ಟೈಪ್‌ರೈಟರಿನ ಹಾಗೆ ಗುಂಡಿಗಳಿದ್ದು ತಂತಿಯನ್ನು ಮೀಟಿ ನುಡಿಸುವ ವಾದ್ಯ. ನಮ್ಮಲ್ಲಿ ಬುಲ್‌ಬುಲ್ ತರಂಗ್ ಎಂದು ಕರೆಯುವ ಬಳಗದ್ದು. ಕಂಪ್ಯೂಟರಿನಲ್ಲಿ ಬೆಂಜೋ ಎಂದು ಕೊಟ್ಟು ಹುಡುಕಿದರೆ ಬರುವುದು ಅಮೆರಿಕದ ಹಳ್ಳಿಗಾಡಿನ ಬ್ಯಾಂಜೊ. ಢೋಲ್ ಎಂದು ಕೊಟ್ಟರೆ ಭಾಂಗ್ಡಾದ ಪಂಜಾಬಿ ಢೋಲಿನ ಲೂಪುಗಳು ಸಾಲುಗಟ್ಟುತ್ತವೆ. ಗರಬಾದ ಢೋಲ್ ಕೆಳಗೆಲ್ಲೋ ಹೂತಿರುತ್ತದೆ. ಶಹನಾಯಿಯನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ, ಒಂದು ಕಾಗುಣಿತ ಕೊಟ್ಟರೆ ಉಳಿದವು ತೋರುವುದೇ ಇಲ್ಲ. ಗರಬಾದ ಉಸಿರಾದ ಹೀಂಚ್ ತಾಳ ಆರು ಮಾತ್ರೆಯದು. 6/8 ಎಂದು ಹುಡುಕಿದರೆ ಐರಿಷ್ ಜಿಗ್, ಪರ್ಷಿಯನ್ ಕುಣಿತ, ಆಫ್ರಿಕದ ತಮಟೆಗಳೆಲ್ಲ ಒಂದೇ ರಾಶಿಯಲ್ಲಿ ಎದುರಾಗುತ್ತವೆ. ಎಣಿಕೆ ಒಂದೇ ಆದರೂ ಹೀಂಚಿನ ತೂಕ ಬೀಳುವ ಜಾಗ ಬೇರೆ, ಅದರ ನಡೆ ಬೇರೆ. ಅದನ್ನು ಬಲ್ಲ ಕಿವಿ ಮೊದಲೇ ಕೇಳಿ ಗುರುತು ಹಾಕಿಡದಿದ್ದರೆ ಯಾವ ಸರ್ಚೂ ಅದನ್ನು ಹೆಕ್ಕಿ ಕೊಡಲಾರದು.

ನಮ್ಮ ಕರಾವಳಿಯ ಕಥೆಯೂ ಇದೇ. ಯಕ್ಷಗಾನದಲ್ಲಿ ತೆಂಕುತಿಟ್ಟಿನ ಚೆಂಡೆ ಕೇರಳದ ಚೆಂಡೆಗೆ ಹತ್ತಿರ. ಬಡಗುತಿಟ್ಟಿನ ಚಂಡೆಯ ಮೈಕಟ್ಟೂ ನಾದವೂ ಬೇರೆ. ಮಾರುಕಟ್ಟೆಯಲ್ಲಿ ಸಿಗುವ ಚೆಂಡೆಯ ಧ್ವನಿಗಳೆಲ್ಲ ಹೆಚ್ಚುಕಡಿಮೆ ಕೇರಳದ ಮೇಳದವು. ಕುಂದಾಪುರದ ಹುಡುಗನೊಬ್ಬ ಬಡಗಿನ ಪದ್ಯಕ್ಕೆ ಅದನ್ನೇ ಕೂಡಿಸುತ್ತಾನೆ, ಹುಡುಕಿದಾಗ ಸಿಕ್ಕಿದ್ದು ಅದೇ ಎಂಬ ಒಂದೇ ಕಾರಣಕ್ಕೆ. ನಾಳೆ ಆ ಹಾಡು ಕೇಳಿ ಬೆಳೆದ ಮಕ್ಕಳಿಗೆ ಬಡಗಿನ ಚಂಡೆ ಎಂದರೆ ಅದೇ ಆಗುತ್ತದೆ.

ತಯಾರಕರ ಫೋಲ್ಡರುಗಳೇ ಸಾಕು ಎನ್ನುವವರಿಗೆ ಸ್ವಲ್ಪ ಚರಿತ್ರೆ ಹೇಳಬೇಕು. 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದ ಬಂತು. ಯಾವ ಕಂಪನಿಯ ಕೀಬೋರ್ಡಾದರೂ ಒಂದೇ ಸಂಖ್ಯೆಗೆ ಒಂದೇ ವಾದ್ಯ ನುಡಿಯಲಿ ಎಂದು 128 ವಾದ್ಯಗಳನ್ನು ಎಂಟೆಂಟರಂತೆ 16 ಕುಲಗಳಾಗಿ ಹಂಚಿದರು. ಪಿಯಾನೊಗಳಿಗೆ ಒಂದು ಕುಲ, ಆರ್ಗನ್ನುಗಳಿಗೆ ಒಂದು, ಗಿಟಾರುಗಳಿಗೆ ಒಂದು. 105ರಿಂದ 112ರವರೆಗಿನ ಕುಲದ ಹೆಸರು ‘ಎಥ್ನಿಕ್’. ಅದರಲ್ಲಿ ಸಿತಾರ್, ಬ್ಯಾಂಜೊ, ಜಪಾನಿನ ಶಾಮಿಸೆನ್ ಮತ್ತು ಕೊಟೊ, ಆಫ್ರಿಕದ ಕಲಿಂಬಾ, ಬ್ಯಾಗ್‌ಪೈಪ್, ಫಿಡ್ಲ್, ಕೊನೆಗೆ ಶಹನಾಯ್. ತಂತಿಯನ್ನು ಮೀಟುವ ವಾದ್ಯ, ಕಮಾನಿನಿಂದ ಉಜ್ಜುವ ವಾದ್ಯ, ಬೆರಳಿನಿಂದ ಲೋಹದ ನಾಲಿಗೆಯನ್ನು ಒತ್ತುವ ವಾದ್ಯ, ಊದುವ ವಾದ್ಯ ಒಟ್ಟಿಗೆ ಸೇರಲು ಕಾರಣ ಒಂದೇ: ಪಟ್ಟಿ ಬರೆದವರ ಕಣ್ಣಿಗೆ ಇವು ಬೇರೆಯವರವು. ತಾಳವಾದ್ಯಗಳಿಗೆಂದೇ ಮೀಸಲಾದ ಹತ್ತನೆಯ ಚಾನೆಲ್ಲಿನ 47 ಧ್ವನಿಗಳಲ್ಲಿ ಬೊಂಗೊ ಇದೆ, ಕಾಂಗಾ ಇದೆ, ಬ್ರೆಜಿಲ್ಲಿನ ಕ್ವೀಕಾ ಕೂಡ ಇದೆ. ತಬಲಾ ಇಲ್ಲ, ಮೃದಂಗ ಇಲ್ಲ, ಢೋಲ್ ಇಲ್ಲ. ಮೂರು ದಶಕ ಕಳೆದರೂ ಅಗ್ಗದ ಕೀಬೋರ್ಡಿನಿಂದ ಹಿಡಿದು ದುಬಾರಿ ಲೈಬ್ರರಿಗಳವರೆಗೆ ಆ ಪಟ್ಟಿಯ ನೆರಳು ಹೋಗಿಲ್ಲ. ಎಥ್ನಿಕ್ ಎನ್ನುವುದು ಮುಜುಗರವಾದಲ್ಲಿ ‘ವರ್ಲ್ಡ್’ ಎಂದು ಬರೆಯುತ್ತಾರೆ, ಅಷ್ಟೆ.

ವರಾಛಾದ ಹುಡುಗ ತನ್ನ ಮನೆಯಲ್ಲಿ, ತನ್ನ ಕಂಪ್ಯೂಟರಿನಲ್ಲಿ, ತನ್ನ ಅಜ್ಜ ನುಡಿಸುತ್ತಿದ್ದ ವಾದ್ಯವನ್ನು ಹುಡುಕಲು ‘ಎಥ್ನಿಕ್’ ಎಂಬ ಫೋಲ್ಡರನ್ನು ತೆರೆಯಬೇಕಾಗಿದೆ. ಇದನ್ನು ಸಹಜ ಎಂದು ಒಪ್ಪಿಕೊಂಡಿರುವುದೇ ನನಗೆ ನೋವಿನ ಸಂಗತಿ. ವಾದ್ಯಗಳನ್ನು ವಿಂಗಡಿಸುವ ವಿದ್ಯೆಯಲ್ಲಿ ನಾವು ಯಾರಿಗೂ ಹಿಂದಿದ್ದವರಲ್ಲ. ಭರತನ ನಾಟ್ಯಶಾಸ್ತ್ರದ 28ನೆಯ ಅಧ್ಯಾಯ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ಹೇಳುತ್ತದೆ: ತಂತಿ, ತೊಗಲು, ಗಟ್ಟಿ ಲೋಹ, ಊದುಗೊಳವೆ. ನಾದ ಎಲ್ಲಿಂದ ಹುಟ್ಟುತ್ತದೆ ಎಂಬುದೇ ಅಲ್ಲಿ ಅಳತೆಗೋಲು. ವಾದ್ಯ ಯಾರದು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. 1876ರಲ್ಲಿ ಕಲಕತ್ತೆಯ ಸೌರೀಂದ್ರ ಮೋಹನ ಠಾಕೂರರು ಬೆಲ್ಜಿಯಮ್ಮಿನ ದೊರೆಗೆ ನೂರರಷ್ಟು ಭಾರತೀಯ ವಾದ್ಯಗಳನ್ನು ಕಾಣಿಕೆ ಕಳಿಸಿದರು. ಅವು ಬ್ರಸೆಲ್ಸಿನ ವಾದ್ಯ ಸಂಗ್ರಹಾಲಯ ಸೇರಿದವು. ಅಲ್ಲಿನ ಪಾಲಕ ವಿಕ್ಟರ್ ಮಾಹಿಲಾನ್ 1880ರಲ್ಲಿ ತನ್ನ ಕ್ಯಾಟಲಾಗಿಗೆ ಮಾಡಿಕೊಂಡ ವಿಂಗಡಣೆಯೂ ನಾಲ್ಕು ಬಗೆಯದು, ಭರತನದಕ್ಕೆ ಹೊಂದುವಂಥದು. ಅದರ ಮೇಲೆಯೇ ಹಾರ್ನ್‌ಬಾಸ್ಟೆಲ್ ಮತ್ತು ಕರ್ಟ್ ಸಾಕ್ಸ್ 1914ರಲ್ಲಿ ತಮ್ಮ ಪದ್ಧತಿ ಕಟ್ಟಿದರು, ಜಗತ್ತಿನ ಸಂಗ್ರಹಾಲಯಗಳು ಇಂದಿಗೂ ಅದನ್ನು ಬಳಸುತ್ತಿವೆ. ಇಷ್ಟು ಹಳೆಯ ವಿವೇಕ ಕೈಯಲ್ಲಿರುವಾಗ ‘ಎಥ್ನಿಕ್’ ಫೋಲ್ಡರಿನಲ್ಲಿ ತಲೆತಗ್ಗಿಸಿ ಹುಡುಕುವ ಅಗತ್ಯ ಏನಿದೆ?

ಆದರೆ ನಾಟ್ಯಶಾಸ್ತ್ರದ ನಾಲ್ಕು ಫೋಲ್ಡರ್ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯದು. ನಮ್ಮ ಸಂಗೀತದಲ್ಲಿ ವಾದ್ಯದ ಹೆಸರಿನ ಬೆನ್ನಿಗೇ ಬರುವ ಪ್ರಶ್ನೆ ಶ್ರುತಿಯದು. ಗಾಯಕನೊಬ್ಬ ಬಂದರೆ ತಬಲಾದವನು ಮೊದಲು ಕೇಳುವುದು ‘ಯಾವ ಶ್ರುತಿ’ ಎಂದು. ಕಪ್ಪು ಒಂದೋ, ಬಿಳಿ ನಾಲ್ಕೋ? ಅದಕ್ಕೆ ತಕ್ಕ ದಾಯಾ, ಅಂದರೆ ಬಲಗೈಯ ತಬಲಾ, ಚೀಲದಿಂದ ಹೊರಬರುತ್ತದೆ. ಯಕ್ಷಗಾನದಲ್ಲೂ ಮದ್ದಳೆಯನ್ನು ಭಾಗವತರ ಶ್ರುತಿಗೆ ಕೂಡಿಸದೆ ಆಟ ಶುರುವಾಗುವುದಿಲ್ಲ. ಕಂಪ್ಯೂಟರಿಗೆ ಬಂದೊಡನೆ ಈ ಶಿಸ್ತು ಎಲ್ಲಿ ಹೋಯಿತು? ಬಿಳಿ ಒಂದರ ತಬಲಾವನ್ನು ಐದು ಸ್ವರಸ್ಥಾನ ಮೇಲೆಳೆದು ಬಿಳಿ ನಾಲ್ಕಕ್ಕೆ ಕೂರಿಸುತ್ತಾರೆ, ನಾದ ಆಟಿಕೆಯದಾಗುತ್ತದೆ. ಯಾಕೆಂದರೆ ಫೈಲಿನ ಹೆಸರಿನಲ್ಲಿ ಶ್ರುತಿ ಬರೆದಿಲ್ಲ. ಬಿಳಿ ನಾಲ್ಕರ ತಬಲಾ ಅದೇ ಡಿಸ್ಕಿನಲ್ಲಿ ಇದ್ದರೂ ಇದೆ ಎಂದು ಗೊತ್ತಿಲ್ಲ.

ಬರೆದಿದ್ದರೂ ನಂಬುವಂತಿಲ್ಲ ಎನ್ನುವುದು ಇನ್ನೊಂದು ತೊಡಕು. ಮಿಡಿಯಲ್ಲಿ ನಡು ಸಿ ಸ್ವರದ ಸಂಖ್ಯೆ 60, ಇದರಲ್ಲಿ ತಕರಾರಿಲ್ಲ. ಆದರೆ ಯಮಾಹಾ ಅದನ್ನು ಸಿ3 ಎನ್ನುತ್ತದೆ, ಬೇರೆ ಹಲವರು ಸಿ4 ಎನ್ನುತ್ತಾರೆ. ಎರಡು ಕಡೆಯ ಫೈಲುಗಳನ್ನು ಒಂದೇ ರಾಶಿಗೆ ಸುರಿದರೆ ಅರ್ಧದಷ್ಟು ಧ್ವನಿಗಳು ಒಂದು ಸಪ್ತಕ ಆಚೀಚೆ ಆಗುತ್ತವೆ. ಅದಕ್ಕೇ ಅಕ್ಷರ ನಂಬದೆ ಸಂಖ್ಯೆ ಬರೆದಿಡಬೇಕು. ವೇವ್ ಫೈಲಿನ ಒಳಗೇ ಮೂಲಸ್ವರದ ಸಂಖ್ಯೆಯನ್ನೂ ಲೂಪಿನ ಆದಿ ಅಂತ್ಯವನ್ನೂ ಬರೆದಿಡುವ ಅಂಕಣ ಇದೆ. ಪ್ರಸಾರ ಸಂಸ್ಥೆಗಳು ಬಳಸುವ ವೇವ್ ಫೈಲಿನಲ್ಲಿ ವಿವರಣೆ, ಮುದ್ರಿಸಿದವರು, ದಿನಾಂಕ ಬರೆಯಲೂ ಜಾಗವಿದೆ. ನಮ್ಮ ಮನೆಗಳ ಫೈಲುಗಳಲ್ಲಿ ಇವು ಖಾಲಿ ಬಿದ್ದಿವೆ.

‘ನಾವು ಸಂಗೀತಗಾರರು, ಗ್ರಂಥಪಾಲಕರಲ್ಲ’ ಎಂಬ ಮಾತನ್ನು ಇಲ್ಲಿ ಹೇಳುವವರಿದ್ದಾರೆ. ಒಂದು ತಬಲಾವನ್ನು ಯೋಗ್ಯವಾಗಿ ಮುದ್ರಿಸಬೇಕಾದರೆ ಏನಾಗುತ್ತದೆ ನೋಡಿ. ಹನ್ನೆರಡು ಬೋಲು, ಅಂದರೆ ಪೆಟ್ಟಿನ ಅಕ್ಷರಗಳು, ಎನ್ನೋಣ. ಪ್ರತಿಯೊಂದಕ್ಕೂ ಮೆಲ್ಲನೆಯಿಂದ ಜೋರಿನವರೆಗೆ ನಾಲ್ಕು ಮಟ್ಟ. ಒಂದೇ ಪೆಟ್ಟು ಮರುಕಳಿಸಿ ಯಂತ್ರದಂತೆ ಕೇಳಬಾರದೆಂದು ಪ್ರತಿ ಮಟ್ಟಕ್ಕೆ ನಾಲ್ಕು ಬೇರೆ ಬೇರೆ ಪೆಟ್ಟು. ಒಟ್ಟು 192 ಫೈಲು, ಒಂದು ತಬಲಾಗೆ, ಒಂದು ಶ್ರುತಿಗೆ. ಮೂರು ಶ್ರುತಿಗೆ 576. ಇವುಗಳಲ್ಲಿ ಯಾವುದು ‘ನಾ’, ಯಾವುದು ‘ತಿನ್’, ಯಾವುದು ಮೆಲ್ಲನೆಯದು ಎಂದು ತೀರ್ಮಾನಿಸುವುದಕ್ಕೆ ತಬಲಾ ಗೊತ್ತಿರಬೇಕು. ಈ ಜೋಡಣೆ ಸಂಗೀತದ ಕೆಲಸವೇ ಆಗಿದೆ. ಇದನ್ನು ಮಾಡಿದವನ ಕಿವಿ ಹರಿತವಾಗುತ್ತದೆ. ಮಾಡದವನು ಎಂದೆಂದಿಗೂ ಇನ್ನೊಬ್ಬರು ಕತ್ತರಿಸಿ ಕೊಟ್ಟ ಲೂಪಿನ ಮೇಲೆ ಬದುಕುತ್ತಾನೆ.

ವರಾಛಾದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಯೇ ಇಲ್ಲ. ಮಿನಿ ಬಜಾರಿನಲ್ಲಿ ಬೈಕಿನ ಸೀಟಿನ ಮೇಲೆ ಕೂತು ಕೈಬದಲಾಗುವ ವಜ್ರಗಳು ‘ಪಡೀಕುಂ’ ಎಂಬ ಮಡಚಿದ ಕಾಗದದ ಪೊಟ್ಟಣದಲ್ಲಿರುತ್ತವೆ. ಪೊಟ್ಟಣದ ಮೇಲೆ ತೂಕ, ಜರಡಿಯ ಅಳತೆ, ಬಣ್ಣ ಬರೆದಿರುತ್ತದೆ. ಬರಹವಿಲ್ಲದ ಪೊಟ್ಟಣವನ್ನು ಯಾರೂ ಕೊಳ್ಳುವುದಿಲ್ಲ. ಎಲ್ಲ ಗಾತ್ರದ ಹರಳುಗಳನ್ನು ಒಂದೇ ಚೀಲಕ್ಕೆ ಸುರಿದು ಬೇಕಾದಾಗ ಹುಡುಕಿಕೊಳ್ಳುತ್ತೇನೆ ಎಂದವನನ್ನು ಕಾರ್ಖಾನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಕಣ್ಣಿನಿಂದ ಅಳೆಯುವ ಜನ ಇವರು. ಅದೇ ನಿಷ್ಠೆಯನ್ನು ಕಿವಿಗೂ ಕೊಡಿ ಎಂಬುದಷ್ಟೇ ನನ್ನ ಬೇಡಿಕೆ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ಗೌರವದಿಂದ ಕೇಳಬೇಕು. ‘ಫೋಲ್ಡರ್ ಸರಿಸಿದರೆ ಹಳೆಯ ಹಾಡುಗಳು ತೆರೆಯುವುದಿಲ್ಲ’ ಎನ್ನುತ್ತಾರೆ. ನಿಜ. ಕಾಂಟ್ಯಾಕ್ಟಿನಂಥ ತಂತ್ರಾಂಶದಲ್ಲಿ ವಾದ್ಯದ ಫೈಲು ಬೇರೆ, ಅದು ಕರೆಯುವ ಧ್ವನಿಗಳು ಬೇರೆ; ಜಾಗ ಬದಲಿಸಿದರೆ ಧ್ವನಿ ಕಾಣುತ್ತಿಲ್ಲ ಎಂಬ ಫಲಕ ಬರುತ್ತದೆ. ನವರಾತ್ರಿಯ ಮುನ್ನಾದಿನ ಹಾಗಾದವನ ಸಂಕಟ ದೊಡ್ಡದು. ಫೋಲ್ಡರಿನೊಳಗೆ ಫೋಲ್ಡರ್ ಎಂದು ಆಳಕ್ಕೆ ಹೋದರೆ ವಿಂಡೋಸ್ ವಿಳಾಸದ ಉದ್ದಕ್ಕೆ ಬಹುಕಾಲದಿಂದ ಇರುವ 260 ಅಕ್ಷರಗಳ ಮಿತಿ ಅಡ್ಡಬರುವುದೂ ಉಂಟು. ಆದರೆ ಇದರಿಂದ ಜೋಡಿಸಲೇಬಾರದು ಎಂಬ ತೀರ್ಮಾನ ಹುಟ್ಟುವುದಿಲ್ಲ. ಕೊಂಡ ಲೈಬ್ರರಿಗಳನ್ನು ಇದ್ದ ಜಾಗದಲ್ಲೇ ಬಿಡಿ. ನಿಮ್ಮ ವಿಂಗಡಣೆಯನ್ನು ಅವುಗಳ ಹೊರಗೆ ಕಟ್ಟಿ. ಸಾಫ್ಟ್‌ವೇರಿನಲ್ಲೇ ಟ್ಯಾಗ್ ಹಾಕಬಹುದು, ಶಾರ್ಟ್‌ಕಟ್ ಇಡಬಹುದು. ನೀವೇ ಮುದ್ರಿಸಿದ ಧ್ವನಿಗಳಿಗೆ ಎಸ್‌ಎಫ್‌ಜೆಡ್ ವಿಧಾನ ಬಳಸಿ. ಅದು ಬರೀ ಪಠ್ಯದ ಕಡತ. ಯಾವ ಕೀಲಿಗೆ ಯಾವ ಧ್ವನಿ, ಎಷ್ಟು ಜೋರಿಗೆ ಯಾವ ಪೆಟ್ಟು ಎಂದು ನೋಟ್‌ಪ್ಯಾಡಿನಲ್ಲೇ ಬರೆಯಬಹುದು, ಹತ್ತು ವರ್ಷದ ಮೇಲೂ ಓದಬಹುದು. ಮುಗಿದ ಹಾಡನ್ನು ಅದರ ಧ್ವನಿಗಳ ಸಮೇತ ಒಂದೇ ಕಡೆ ಉಳಿಸುವ ಸೌಲಭ್ಯ ರೀಪರ್, ಏಬಲ್ಟನ್, ಎಫ್‌ಎಲ್ ಸ್ಟುಡಿಯೊ ಮೂರರಲ್ಲೂ ಇದೆ.

ಈಚೆಗೆ ಇನ್ನೊಂದು ವಾದ ಕೇಳಿಬರುತ್ತಿದೆ: ಯಂತ್ರವೇ ಧ್ವನಿಯನ್ನು ಕೇಳಿ ವಿಂಗಡಿಸುತ್ತದೆ, ಮನುಷ್ಯ ಕೈಹಾಕಬೇಕಿಲ್ಲ. ಕಿಕ್ ಡ್ರಮ್ಮನ್ನೂ ಸ್ನೇರನ್ನೂ ಅದು ಚೆನ್ನಾಗಿಯೇ ಬೇರ್ಪಡಿಸುತ್ತದೆ. ತಬಲಾದ ಬೋಲು ಹಾಗಲ್ಲ. ಒಂದೇ ಪೆಟ್ಟಿಗೆ ಅಕ್ಕಪಕ್ಕದ ಬೋಲನ್ನು ನೋಡಿಕೊಂಡು ಬೇರೆ ಹೆಸರು ಬರುತ್ತದೆ. ಘರಾಣೆ ಬದಲಾದರೆ ಅದೇ ಹೆಸರಿನ ಬೋಲು ಬೇರೆ ಜಾಗದಲ್ಲಿ ಬೀಳುತ್ತದೆ. ಪೆಟ್ಟಿನ ಆಕಾರವನ್ನು ಯಂತ್ರ ಅಳೆಯಬಲ್ಲದು, ಆ ಪೆಟ್ಟು ಯಾವ ಮಾತಿನ ಅಕ್ಷರ ಎಂಬುದನ್ನು ಗುರುವಿನ ಎದುರು ಕೂತವರು ಹೇಳಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಉಳಿದಿದೆ. ಈ ಫೈಲುಗಳ ಹಿಂದೆ ಮನುಷ್ಯರಿದ್ದಾರೆ. ಊರಿನಿಂದ ಢೋಲಿನವನೊಬ್ಬನನ್ನು ಕರೆಸಿ, ಒಂದು ಮಧ್ಯಾಹ್ನ ನುಡಿಸಿಕೊಂಡು, ಸಂಭಾವನೆ ಕೊಟ್ಟು ಕಳಿಸುತ್ತಾರೆ. ಫೈಲಿಗೆ ‘ಢೋಲ್ ನ್ಯೂ ಫೈನಲ್ 2’ ಎಂದು ಹೆಸರು. ಎರಡು ವರ್ಷದಲ್ಲಿ ಅದು ನೂರು ಡಿಸ್ಕುಗಳಿಗೆ ಹೋಗಿರುತ್ತದೆ. ನುಡಿಸಿದವನ ಹೆಸರು ಮೊದಲ ಡಿಸ್ಕಿನಲ್ಲೂ ಇರಲಿಲ್ಲ. ಹೊರದೇಶದಲ್ಲಿ ಇದು ಎಲ್ಲಿಗೆ ಮುಟ್ಟಿತೆಂಬುದಕ್ಕೆ ಸಾಕ್ಷಿ ಇದೆ. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡದ ಹಾಡೊಂದರಲ್ಲಿ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ಮರ್ ಆರೇಳು ಸೆಕೆಂಡು ಒಬ್ಬನೇ ನುಡಿಸಿದ. ಆ ತುಣುಕನ್ನು ಕತ್ತರಿಸಿ ಸಾವಿರಾರು ಹಾಡುಗಳಲ್ಲಿ ಬಳಸಿದರು. ಕೋಲ್ಮನ್‌ಗೆ ಅದರಿಂದ ಹಣ ಬರಲಿಲ್ಲ. 2006ರಲ್ಲಿ ಬಡತನದಲ್ಲೇ ತೀರಿಕೊಂಡ. ತುಣುಕಿಗೆ ಜಗತ್ತಿನಲ್ಲಿ ಹೆಸರಿದೆ, ಅವನ ಹೆಸರು ಬಲ್ಲವರು ಕಡಿಮೆ.

ನಮ್ಮ ಕಾನೂನು ಈ ವಿಷಯದಲ್ಲಿ ಕುರುಡಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಹಕ್ಕಿಗೆ ಈಗ 50 ವರ್ಷದ ಅವಧಿಯಿದೆ; 2012ರ ತಿದ್ದುಪಡಿ, ನುಡಿಸಿದವರು ತಾವೇ ನುಡಿಸಿದ್ದು ಎಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ಸೇರಿಸಿತು. ಆದರೆ ಫೈಲಿನಲ್ಲಿ ಹೆಸರೇ ಇಲ್ಲದಿದ್ದರೆ ಹಕ್ಕು ಕೇಳುವುದು ಯಾರ ಬಳಿ? 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಾವೆಲ್ಲ ಹೆಮ್ಮೆಪಟ್ಟೆವು. ಅದೇ ವರ್ಷದ ಡಿಸೆಂಬರಿನಲ್ಲಿ ಗುಜರಾತಿನ ಗರಬಾ ಯುನೆಸ್ಕೊದ ಪಟ್ಟಿ ಸೇರಿತು, ಸೂರತ್ತಿನಲ್ಲೂ ಸಂಭ್ರಮವಿತ್ತು. ನಮ್ಮ ಕಂಪ್ಯೂಟರುಗಳಲ್ಲಿ ಮಾತ್ರ ತಮಟೆ ನುಡಿಸಿದವರು ‘ಲೂಪ್ 04’ ಆಗಿಯೂ ಢೋಲ್ ನುಡಿಸಿದವರು ‘ಫೈನಲ್ 2’ ಆಗಿಯೂ ಉಳಿದಿದ್ದಾರೆ.

ದಾಖಲೆ ಇಡುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಎಂದಲ್ಲ. 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗ ಸಂಗೀತದ ಸಂಗ್ರಹಾಗಾರದಲ್ಲಿ ಧ್ವನಿಮುದ್ರಿಕೆಯಷ್ಟೇ ಬೆಲೆ ಅದರ ಜೊತೆಗಿನ ವಿವರಕ್ಕೂ ಇದೆ: ಯಾರು, ಎಲ್ಲಿ, ಯಾವಾಗ, ಯಾವ ವಾದ್ಯ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜಾನಪದ ರಂಗಕಲೆಗಳ ಕೇಂದ್ರ ಕರಾವಳಿಯ ಕಲೆಗಳನ್ನು ದಾಖಲಿಸಿದ್ದೂ ಇದೇ ಎಚ್ಚರದಿಂದ. ಟೇಪಿನ ಕಾಲದಲ್ಲಿ, ಕಡಿಮೆ ಸವಲತ್ತಿನಲ್ಲಿ ಅವರು ಮಾಡಿದ್ದನ್ನು ಇಂದು ಕೀಬೋರ್ಡಿನ ನಾಲ್ಕು ಒತ್ತಿನಲ್ಲಿ ಮಾಡಬಹುದಾದ ನಾವು ಬೇಡ ಎನ್ನುತ್ತಿದ್ದೇವೆ.

ಪುಕ್ಕಟೆ ಸಿಕ್ಕ ಧ್ವನಿಗಳಿಗೂ ಇದು ಅನ್ವಯ. ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದು 2005ರಲ್ಲಿ ಆರಂಭಿಸಿದ ಫ್ರೀಸೌಂಡ್ ಜಾಲತಾಣದಲ್ಲಿ ಕೆಲವು ಧ್ವನಿಗಳನ್ನು ಹೇಗಾದರೂ ಬಳಸಬಹುದು, ಕೆಲವಕ್ಕೆ ಮುದ್ರಿಸಿದವರ ಹೆಸರು ಹೇಳಬೇಕು, ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಇಳಿಸಿಕೊಂಡ ದಿನವೇ ಆ ಷರತ್ತನ್ನು ಫೈಲಿನ ಜೊತೆ ಬರೆದಿಡದಿದ್ದರೆ ಆರು ತಿಂಗಳ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹಾಡು ಜನಪ್ರಿಯವಾದ ಮೇಲೆ ತಕರಾರು ಬಂದರೆ ‘ಸರ್ಚಿನಲ್ಲಿ ಸಿಕ್ಕಿತು’ ಎನ್ನುವ ಉತ್ತರ ನಿಲ್ಲುವುದಿಲ್ಲ.

ಆದ್ದರಿಂದ ಮನೆಯಲ್ಲಿ ಸಂಗೀತ ಕಟ್ಟುವ ಎಲ್ಲರಲ್ಲಿ, ಸೂರತ್ತಿನವರಲ್ಲೂ ಕರ್ನಾಟಕದವರಲ್ಲೂ, ನನ್ನ ಕೋರಿಕೆ ಇಷ್ಟು. ಇಡೀ ಡಿಸ್ಕನ್ನು ಒಂದೇ ಸಲ ಸರಿಪಡಿಸಲು ಹೋಗಬೇಡಿ. ನೀವು ಚೆನ್ನಾಗಿ ಬಲ್ಲ ಒಂದು ವಾದ್ಯ ಆರಿಸಿಕೊಳ್ಳಿ. ಅದರ ಫೈಲುಗಳನ್ನು ಒಂದೊಂದಾಗಿ ಕೇಳಿ, ಕೆಟ್ಟದ್ದನ್ನು ಅಳಿಸಿ, ಉಳಿದದ್ದಕ್ಕೆ ವಾದ್ಯ, ಶ್ರುತಿ, ಬೋಲು, ನುಡಿಸಿದವರು, ಬಳಕೆಯ ಷರತ್ತು ಬರೆಯಿರಿ. ನಿಮಗಾಗಿ ನುಡಿಸಿಕೊಟ್ಟವರ ಫೋನ್ ನಂಬರು ಇನ್ನೂ ನಿಮ್ಮ ಬಳಿ ಇದ್ದರೆ ಇಂದೇ ಕರೆ ಮಾಡಿ. ಅವರ ಪೂರ್ತಿ ಹೆಸರು, ಊರು, ಆ ದಿನ ಕೂಡಿಸಿದ್ದ ಶ್ರುತಿ ಕೇಳಿ ಫೈಲಿನಲ್ಲಿ ಸೇರಿಸಿ.